ಕಾರ್ಡ್ ಹಿಡಿದು ‘ನಾನು ಪುಸ್ತಕ’ ಅಂದಾಗ

ಸಾಫ್ಟ್‌ವೇರ್ ಡಿಸೈನ್ ಪಾಠವನ್ನು ನಾನು ಯುಎಂಎಲ್ ಚಿತ್ರದಿಂದ, ಅಂದರೆ ಪ್ರೋಗ್ರಾಮಿನ ಭಾಗಗಳನ್ನು ಚೌಕ, ಬಾಣಗಳಲ್ಲಿ ತೋರಿಸುವ ನಕ್ಷೆಯಿಂದ, ಶುರು ಮಾಡುವುದಿಲ್ಲ. ಬೋರ್ಡ್ ಮೇಲೆ ನಾಲ್ಕು ಚೌಕ ಬರೆದು ಬಾಣ ಎಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೇಳಿದ ಕೆಲಸ ತನ್ನ ಕೈಲಿ ಆಗುತ್ತಾ ಇಲ್ಲವಾ ಅಂತ ಚೌಕ ತಕರಾರು ಮಾಡುವುದಿಲ್ಲ. ಅದರ ಜಾಗದಲ್ಲಿ ವಿದ್ಯಾರ್ಥಿಯನ್ನು ನಿಲ್ಲಿಸಿ, ಖಂಡಿತ ಮಾಡುತ್ತಾನೆ.

ಇದಕ್ಕೆ ಸಿಆರ್‌ಸಿ (ಕ್ಲಾಸ್, ರೆಸ್ಪಾನ್ಸಿಬಿಲಿಟಿ, ಕೊಲಾಬೊರೇಟರ್) ಕಾರ್ಡ್ ಸಾಕು. ಸಾಫ್ಟ್‌ವೇರ್ ತಜ್ಞರಾದ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ 1989ರಲ್ಲಿ ಪ್ರೋಗ್ರಾಮಿಂಗ್ ಕುರಿತ ಊಪ್ಸ್ಲಾ ಸಮ್ಮೇಳನದಲ್ಲಿ ಇದನ್ನು ಮುಂದಿಟ್ಟರು, ಅದೂ ಪಾಠ ಹೇಳುವ ಸಾಧನವಾಗಿ. ಕಾರ್ಡಿನ ಮೇಲ್ಗಡೆ ಕ್ಲಾಸಿನ (ಪ್ರೋಗ್ರಾಮಿನಲ್ಲಿ ಒಂದು ಬಗೆಯ ವಸ್ತುವನ್ನು ವಿವರಿಸುವ ಭಾಗ) ಹೆಸರು, ಎಡಕ್ಕೆ ಅದರ ಜವಾಬ್ದಾರಿ, ಬಲಕ್ಕೆ ಅದಕ್ಕೆ ಯಾರ ನೆರವು ಬೇಕು ಅನ್ನುವುದು. ಕಾರ್ಡ್ ಹಿಡಿದವರು ‘ಅದು ಮಾಡುತ್ತೆ’ ಅನ್ನುವಂತಿಲ್ಲ, ‘ನಾನು ಮಾಡ್ತೀನಿ’ ಅನ್ನಬೇಕು.

ಕಾಲೇಜು ಲೈಬ್ರರಿಯನ್ನೇ ತಗೊಳ್ಳಿ. ಮಕ್ಕಳು ಮೊದಲು ಬರೆಯುವುದು ಲೈಬ್ರರಿ, ಸದಸ್ಯ, ಪುಸ್ತಕ ಅನ್ನುವ ಕಾರ್ಡುಗಳನ್ನು. ಒಬ್ಬಳು ಸದಸ್ಯೆ ಬಂದು ಪುಸ್ತಕ ಕೇಳುತ್ತಾಳೆ. ಪುಸ್ತಕದ ಪಾತ್ರದ ಹುಡುಗ ಎದ್ದು ಅವಳ ಪಕ್ಕ ನಿಲ್ಲುತ್ತಾನೆ. ಇನ್ನೊಬ್ಬ ಬಂದು ಅದೇ ಪುಸ್ತಕ ಕೇಳುತ್ತಾನೆ. ‘ಇನ್ನೂ ನಾಲ್ಕು ಇದ್ಯಲ್ಲ, ಹೋಗು’ ಅನ್ನುತ್ತದೆ ಲೈಬ್ರರಿ. ‘ನಾನು ಇವಳ ಹತ್ರ ಇದ್ದೀನಿ, ಅಲ್ಲಿಗೆ ಹೇಗೆ ಹೋಗಲಿ?’ ಅಂತ ಹುಡುಗ ಪೇಚಾಡುತ್ತಾನೆ. ಸ್ವಲ್ಪ ಗಲಾಟೆಯಾದ ಮೇಲೆ ಯಾರೋ ‘ಪ್ರತಿ’ (ಪುಸ್ತಕದ ಒಂದೊಂದು ಕಾಪಿ) ಅಂತ ಹೊಸ ಕಾರ್ಡ್ ಬರೆಯುತ್ತಾರೆ. ಹೆಸರು, ಲೇಖಕರು ಪುಸ್ತಕದ ಬಳಿ ಉಳಿಯುತ್ತವೆ. ಯಾರ ಕೈಲಿದೆ, ವಾಪಸ್ ಕೊಡುವ ದಿನ ಯಾವುದು ಅನ್ನುವುದು ಪ್ರತಿಯ ಪಾಲಿಗೆ ಹೋಗುತ್ತದೆ. ನಾನು ಬಾಯಿಬಿಟ್ಟು ಹೇಳಿದ್ದರೆ ಸುಮ್ನೆ ಬರೆದುಕೊಂಡು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು.

ಕೆಲಸ ಯಾರ ಸರದಿಯೋ ಅವರ ಕೈಗೆ ಒಂದು ಚೆಂಡು ಕೊಡಿ. ದಂಡ ಲೆಕ್ಕ ಹಾಕುವಾಗ ಚೆಂಡು ಲೈಬ್ರರಿಯನ್ನು ಬಿಟ್ಟು ಕದಲುವುದೇ ಇಲ್ಲ. ಪ್ರತಿಯಿಂದ ತಾರೀಖು ಇಸ್ಕೊಂಡು, ದಿನ ಎಣಿಸಿ, ದರದಿಂದ ಗುಣಿಸಿ, ಎಲ್ಲ ಅದೇ ಮಾಡುತ್ತದೆ. ಉಳಿದವರು ಸುಮ್ಮನೆ ನಿಂತಿರುತ್ತಾರೆ. ಗಾಡ್ ಕ್ಲಾಸ್ ಅಂದರೆ ಇದೇ ಅಂತ ಬೇರೆ ವಿವರಿಸಬೇಕಿಲ್ಲ. ‘ತಾರೀಖು ನಿನ್ನ ಹತ್ರಾನೇ ಇದೆ ಅಲ್ವಾ, ಎಷ್ಟು ದಿನ ತಡ ಆಯ್ತು ನೀನೇ ಹೇಳು’ ಅಂತ ಅವರೇ ಪ್ರತಿಗೆ ಕೆಲಸ ದಾಟಿಸುತ್ತಾರೆ. ಮಾಹಿತಿ ಯಾರ ಹತ್ತಿರ ಇದೆಯೋ ಅದರ ಕೆಲಸವೂ ಅವರ ಬಳಿಯೇ ಇರುವುದಕ್ಕೆ ಎನ್‌ಕ್ಯಾಪ್ಸುಲೇಶನ್ ಅನ್ನುವ ಪದವನ್ನು ನಾನು ಹೇಳುವುದು ಆಗಲೇ.

ಈ ಹೊತ್ತಿನಲ್ಲಿ ಮೇಷ್ಟ್ರು ಬಾಯಿ ಹಾಕಬಾರದು. ಕಷ್ಟ, ಆದರೂ ತಡೆದುಕೊಳ್ಳಬೇಕು. ಜವಾಬ್ದಾರಿಗಳನ್ನು ಪೆನ್ಸಿಲ್‌ನಲ್ಲಿ ಬರೆಸಿ, ಅಳಿಸಿ ತಿದ್ದುವುದೇ ಜಾಸ್ತಿ. ಎಲ್ಲ ಸುಸೂತ್ರವಾಗಿ ನಡೆಯುವ ಸನ್ನಿವೇಶ ಒಂದೇ ಸಾಲದು. ಪುಸ್ತಕ ಕಳೆದರೆ, ಸದಸ್ಯತ್ವ ಮುಗಿದಿದ್ದರೆ ಏನಾಗುತ್ತೆ ಅಂತಲೂ ಆಡಿಸಿ. ಯುಎಂಎಲ್ ಚಿತ್ರ ಅದಾದ ಮೇಲೆ ಬರೆಯಲಿ.