ಗಡ್ಡೆ ತೆಗೆದ ಮೇಲೆ ಗುಳಿ ತುಂಬುವುದು ಯಾವಾಗ?

ಸ್ತನ ಕ್ಯಾನ್ಸರ್ ಅಂದ ತಕ್ಷಣ ಇಡೀ ಸ್ತನ ತೆಗೆಯಬೇಕು ಎಂದೇ ಇವತ್ತಿಗೂ ಹಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾಯಿಲೆ ಬೇಗ ಪತ್ತೆಯಾದರೆ ಗಡ್ಡೆ ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಪ್ರಮಾಣ ಇಡೀ ಸ್ತನ ತೆಗೆದಾಗಿನಷ್ಟೇ ಇರುತ್ತದೆ. ಇಟಲಿ ಮತ್ತು ಅಮೆರಿಕದ ಎರಡು ಅಧ್ಯಯನಗಳು 20 ವರ್ಷ ನಿಗಾ ಇಟ್ಟು, 2002ರಲ್ಲಿ ಇದನ್ನು ತೋರಿಸಿಕೊಟ್ಟವು.

ತೊಂದರೆ ಇರುವುದು ತೆಗೆದ ಜಾಗದಲ್ಲಿ. ಮೊದಲ ಕೆಲವು ವಾರ ಎಲ್ಲ ಚೆನ್ನಾಗೇ ಕಾಣುತ್ತದೆ. ಯಾಕೆಂದರೆ ಅಲ್ಲಿ ನೀರು ತುಂಬಿರುತ್ತದೆ. ಅದು ಇಂಗಿ, ರೇಡಿಯೇಷನ್ ಮುಗಿದು ತಿಂಗಳುಗಳು ಕಳೆದ ಮೇಲೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ಗಡ್ಡೆ ಕೆಳಭಾಗದಲ್ಲಿದ್ದರೆ ತೊಟ್ಟು ನೆಲ ನೋಡುವಂತಾಗುತ್ತದೆ. ‘ಆಮೇಲೆ ಸರಿಮಾಡಿಸಿಕೊಳ್ಳೋಣ’ ಎಂದು ಬಂದವರಿಗೆ ಸರ್ಜನ್‌ಗಳಾದ ನಾವು ಸರಿಮಾಡುವುದು ಕಷ್ಟ. ರೇಡಿಯೇಷನ್ ತಗುಲಿದ ಜಾಗ ಬಿಗಿಯಾಗಿರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ಗುಳಿ ತುಂಬುವ ಮಾತು ಮೊದಲ ಆಪರೇಷನ್‌ಗೆ ಮುಂಚೆಯೇ ಆಗಬೇಕು.

ಸ್ತನ ದೊಡ್ಡದಿದ್ದರೆ ಉಳಿದ ಭಾಗವನ್ನೇ ಸರಿಸಿ, ಗುಳಿ ಮುಚ್ಚಿ, ತೊಟ್ಟನ್ನು ಮೇಲಕ್ಕೆ ಕೂರಿಸುತ್ತೇವೆ. ಬೇಕಾದರೆ ಇನ್ನೊಂದು ಸ್ತನವನ್ನೂ ಅದೇ ಅಳತೆಗೆ ತರಬಹುದು. ಭಾರಕ್ಕೆ ವರ್ಷಗಟ್ಟಲೆ ಹೆಗಲು ನೋವು ತಿಂದವರು ಇದಕ್ಕೆ ಥಟ್ಟನೆ ಹೂಂ ಅನ್ನುತ್ತಾರೆ! ಗುರುತು ಹಾಕುವುದು ಮಾತ್ರ ಆಕೆ ನಿಂತಿರುವಾಗಲೇ, ದರ್ಜಿ ರವಿಕೆಗೆ ಅಳತೆ ತೆಗೆದ ಹಾಗೆ. ಮಲಗಿಸಿದರೆ ಸ್ತನ ಪಕ್ಕಕ್ಕೆ ಜಾರಿ ಲೆಕ್ಕ ತಪ್ಪುತ್ತದೆ.

ಚಿಕ್ಕದಿದ್ದರೆ ಬೇರೆ ಕಡೆಯಿಂದ ತಂದು ತುಂಬಬೇಕು. ಕಂಕುಳ ಕೆಳಗೆ, ಬ್ರಾ ಪಟ್ಟಿ ಹಾದುಹೋಗುವಲ್ಲಿ, ಒಂದು ಮಡಿಕೆ ಇರುತ್ತದೆ ಅಲ್ವಾ? ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಪಕ್ಕೆಲುಬುಗಳ ಸಂದಿಯಿಂದ ಹೊರಬರುತ್ತವೆ. ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥ ಡಾಪ್ಲರ್ ಉಪಕರಣ ಹಿಡಿದು ಚರ್ಮದ ಮೇಲೆ ಹುಡುಕುತ್ತೇವೆ. ನಾಳ ಸಿಕ್ಕಿದರೆ ‘ಶುಶ್ ಶುಶ್’ ಸದ್ದು. ಅಲ್ಲೊಂದು ಚುಕ್ಕೆ ಇಡುತ್ತೇವೆ. ಆ ನಾಳ ಕಡಿಯದೆ ಮಡಿಕೆಯನ್ನು ಬಿಡಿಸಿ, ಗುಳಿಯೊಳಕ್ಕೆ ತಿರುಗಿಸುತ್ತೇವೆ. ಸ್ನಾಯು ಕಡಿಯುವ ಗೋಜಿಲ್ಲ, ಹೊಲಿಗೆ ಗುರುತು ಕೈ ಮರೆಯಲ್ಲಿ ಉಳಿಯುತ್ತದೆ. ಹೊರಬದಿಯ ಗಡ್ಡೆಗಳಿಗೆ ನನಗೆ ತುಂಬಾ ಇಷ್ಟವಾದ ವಿಧಾನ ಇದು. ಒಳಬದಿಗೆ ಎಟುಕುವುದಿಲ್ಲ.

ಗುಳಿ ದೊಡ್ಡದಾದರೆ ಬೆನ್ನಿನ ಅಗಲ ಸ್ನಾಯುವನ್ನು ಮುಂದಕ್ಕೆ ತರುವುದುಂಟು. ಹೊಸದೇನಲ್ಲ, ಸ್ತನ ತೆಗೆದ ಗಾಯ ಮುಚ್ಚಲು ಇಟಲಿಯ ತಾನ್ಸಿನಿ 1906ರಲ್ಲೇ ಇದನ್ನು ವಿವರಿಸಿದ್ದರು. ಅದರ ನರ ಉಳಿಸಿದ್ದರೆ ಕೈ ಆಡಿಸಿದಾಗ ಎದೆ ಅದುರಿದಂತಾಗಬಹುದು. ಗಾಬರಿ ಬೇಡ.

ಇಡೀ ಸ್ತನ ತೆಗೆದಾಗ ಹೊಟ್ಟೆಯ ಕೊಬ್ಬಿನಿಂದಲೋ ಸಿಲಿಕೋನ್‌ನಿಂದಲೋ ಹೊಸದು ಕಟ್ಟುತ್ತಾರೆ. ರೇಡಿಯೇಷನ್ ಆದರೆ ಸಿಲಿಕೋನ್ ಸುತ್ತ ಗಟ್ಟಿಯಾಗುವ ಸಂಭವ ಜಾಸ್ತಿ ಎಂಬುದು ನೆನಪಿರಲಿ.

ಒಂದು ತೊಡಕನ್ನು ಮುಚ್ಚಿಡಬಾರದು. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಎಂಬ ಪೂರ್ತಿ ವರದಿ ಬರಲು ದಿನಗಳು ಬೇಕು. ಅಷ್ಟರಲ್ಲಿ ನಾವು ಎಲ್ಲವನ್ನೂ ಸರಿಸಿ ಹೊಲಿದಿರುತ್ತೇವೆ. ಆದ್ದರಿಂದ ಮತ್ತೆ ತೆಗೆಯಬೇಕಾಗಿ ಬಂದರೆ ಗುರುತು ಸಿಗಲೆಂದು ಗಡ್ಡೆ ಇದ್ದ ಜಾಗದ ಗೋಡೆಗಳಿಗೆ ಟೈಟಾನಿಯಂ ಕ್ಲಿಪ್ ಹಾಕುತ್ತೇವೆ. ರೇಡಿಯೇಷನ್ ಎಲ್ಲಿಗೆ ಕೊಡಬೇಕೆಂದೂ ಅವೇ ಹೇಳುತ್ತವೆ. ಅನುಮಾನ ಬಲವಾಗಿದ್ದರೆ ವರದಿ ಬರುವವರೆಗೆ ಕಾದು, ಆಮೇಲೆ ತುಂಬುವುದೇ ಲೇಸು.

‘ಈ ವಯಸ್ಸಲ್ಲಿ ಆಕಾರ ಕಟ್ಕೊಂಡು ಏನ್ಮಾಡ್ಲಿ ಡಾಕ್ಟ್ರೇ’ ಅನ್ನುವವರೂ ಇದ್ದಾರೆ. ಬೇಡವೆಂದರೆ ಬೇಡ, ಬಲವಂತವಿಲ್ಲ. ಬ್ರಾ ಒಳಗೆ ಇಡುವ ಸಿಲಿಕೋನ್ ಪ್ಯಾಡ್ ಸಿಗುತ್ತದೆ. ಆದರೆ ಆ ಉತ್ತರ ಪಕ್ಕದಲ್ಲಿ ಕೂತ ಮಗನಿಂದಲೋ ಗಂಡನಿಂದಲೋ ಬಂದಾಗ, ಅವರನ್ನು ಸ್ವಲ್ಪ ಹೊರಗೆ ಕೂರಿಸಿ ಆಕೆಯನ್ನೇ ಇನ್ನೊಮ್ಮೆ ಕೇಳುತ್ತೇನೆ.