ಎರೆ ನೆಲದ ರಸ್ತೆಗೆ ಎಂಥ ಶಾಕಪ್ ಬೇಕು?

ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಸುತ್ತಲೂ ಎರೆ ಹೊಲ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರಿನಲ್ಲಿ ಒಂದೂ ಗುಂಡಿ ಇಲ್ಲದಿದ್ದರೂ ಉದ್ದುದ್ದ ಅಲೆಗಳು ಏಳಬಹುದು. ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್, ಶಾಕಪ್ (ಶಾಕ್ ಅಬ್ಸಾರ್ಬರ್) ಬದಲಿಸುವವರು ಮೊದಲು ಈ ಅಲೆಗಳ ಲೆಕ್ಕ ಹಾಕಬೇಕು.

ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. 15 ಮೀಟರಿಗೊಂದು ಉಬ್ಬು ಇದ್ದರೆ ಕಾರನ್ನು ರಸ್ತೆ ಸೆಕೆಂಡಿಗೆ ಒಂದೂವರೆ ಸಲ ಮೇಲಕ್ಕೆ ತಳ್ಳುತ್ತದೆ. ಸಾಮಾನ್ಯ ಕಾರಿನ ಬಾಡಿ ಸ್ಪ್ರಿಂಗಿನ ಮೇಲೆ ತಾನಾಗಿಯೇ ಕುಣಿಯುವುದೂ ಸೆಕೆಂಡಿಗೆ 1ರಿಂದ 1.5 ಸಲ. ಎರಡೂ ಒಂದಾದರೆ ಪ್ರತಿ ಉಬ್ಬೂ ಹಿಂದಿನ ಕುಣಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದೇ ಅನುರಣನ. ಟೈರು ನೆಲದ ಹಿಡಿತ ಕಳೆದುಕೊಳ್ಳುವುದು ಇಂಥಲ್ಲೇ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಕು ಅನಿಸುತ್ತದೆ, ಅಲ್ವಾ? ಸಾಲದು. ಗಟ್ಟಿ ಸ್ಪ್ರಿಂಗಿನ ಕಾರು ಸೆಕೆಂಡಿಗೆ 2 ಸಲ ಕುಣಿಯುತ್ತದೆ ಎನ್ನೋಣ. ಆಗ ಅದೇ ವೇಗದಲ್ಲಿ 15ರ ಬದಲು 11 ಮೀಟರಿನ ಅಲೆ ಕಾಡುತ್ತದೆ, ಅಷ್ಟೇ. ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ವಾಪಸ್ ಕೊಡುತ್ತದೆ, ಕರಗಿಸುವುದಿಲ್ಲ. ಆ ಕೆಲಸ ಶಾಕಪ್ಪಿನದು. ಅದರೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನುಗ್ಗಿಸುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಜೋರಾಗಿ ಓಡಾಡಿದಾಗ ಎಣ್ಣೆ ನೊರೆಯಾದರೆ ತಡೆಯುವ ಬಲ ಕುಸಿಯುತ್ತದೆ. ಒಳ್ಳೆಯ ಶಾಕಪ್ಪುಗಳಲ್ಲಿ ಒತ್ತಡದ ನೈಟ್ರೋಜನ್ ತುಂಬುವುದು ಅದಕ್ಕೇ.

ಸ್ಪ್ರಿಂಗ್ ಒಂದೂವರೆ ಪಟ್ಟು ಗಟ್ಟಿಯಾದರೆ, ಕುಣಿತ ಅದೇ ಹದದಲ್ಲಿ ನಿಲ್ಲಲು ಶಾಕಪ್ಪಿನ ತಡೆಯೂ ಸುಮಾರು ಶೇ. 22ರಷ್ಟು ಹೆಚ್ಚಬೇಕು. ಹಳೆಯ ಶಾಕಪ್ ಬಿಟ್ಟು ಬರೀ ಗಿಡ್ಡ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ನೋಡಲು ಚೆಂದ ಕೂರುತ್ತದೆ, ನಿಜ. ಆದರೆ ಅದು ಕೆಳಗೆ ಸರಿಯಲು ಇರುವ ಜಾಗವೇ ಕಡಿಮೆಯಾಗುತ್ತದೆ. ದೊಡ್ಡ ಅಲೆಯಲ್ಲಿ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿನ ತುಂಡಿಗೆ, ಬಡಿಯುತ್ತದೆ. ನನ್ನನ್ನು ಕೇಳಿದರೆ, ನಮ್ಮ ಕಡೆ ಓಡುವ ಕಾರಿಗೆ ಕಂಪನಿ ಕೊಟ್ಟ ಎತ್ತರವೇ ಇರಲಿ. ದುಡ್ಡನ್ನು ಶಾಕಪ್ಪಿಗೆ ಹಾಕಿ.

ಬದಲಿಸುವ ಕೆಲಸದಲ್ಲಿ ದೊಡ್ಡ ಅಪಾಯ ಒತ್ತಿದ ಸ್ಪ್ರಿಂಗಿನದು. ಮಿಲಿಮೀಟರಿಗೆ 30 ನ್ಯೂಟನ್ ಬಲ ಬೇಡುವ ಸ್ಪ್ರಿಂಗನ್ನು 150 ಮಿ.ಮೀ. ಒತ್ತಿದರೆ ಅದರಲ್ಲಿ ಸುಮಾರು 340 ಜೂಲ್ ಶಕ್ತಿ ಕೂಡಿರುತ್ತದೆ. 35 ಕೆ.ಜಿ. ಭಾರ ಒಂದು ಮೀಟರ್ ಎತ್ತರದಿಂದ ಕಾಲಿನ ಮೇಲೆ ಬಿದ್ದಂತೆ. ಸ್ಪ್ರಿಂಗ್ ಒತ್ತುವ ಸರಿಯಾದ ಉಪಕರಣ ಇಲ್ಲದೆ, ಸ್ಪ್ರಿಂಗನ್ನು ಹಿಡಿದಿಡುವ ಮೇಲಿನ ನಟ್ಟಿಗೆ ಕೈ ಹಾಕಲೇಬಾರದು. ಇದು ಅನುಭವಿ ಮೆಕ್ಯಾನಿಕ್ಕಿಗೆ ಬಿಡಬೇಕಾದ ಕೆಲಸ.

ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಮಾತ್ರ ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರವೇ ಪೂರ್ತಿ ಬಿಗಿಯಬೇಕು. ಕಾರು ಜ್ಯಾಕಿನ ಮೇಲೆ ನೇತಾಡುವಾಗ ಬಿಗಿದರೆ, ಇಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಅದೇ ನವಲಗುಂದದ ರಸ್ತೆಗೆ ಹೋಗಿ. ಉಬ್ಬು ದಾಟಿದ ಮೇಲೆ ಕಾರಿನ ಮೂತಿ ಒಮ್ಮೆ ಎದ್ದು ಕೂತರೆ ಸ್ಪ್ರಿಂಗ್, ಶಾಕಪ್ಪಿನ ಜೋಡಿ ಸರಿಯಾಗಿದೆ. ಮತ್ತೆ ಮತ್ತೆ ತೂಗಿದರೆ ತಡೆ ಇನ್ನೂ ಸಾಲದು.