ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?

"ದಮ್ಮು ಬರುತ್ತಾ ಅಜ್ಜ?" ಎಂದು ಕೇಳಿದೆ.

"ಇಲ್ಲ ಕಣವ್ವ, ಆರಾಮಿದೀನಿ" ಎಂದರು.

ಅವರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟು ಬೇರೆಯೇ ಹೇಳುತ್ತಿತ್ತು. ಪಂಪಿಂಗ್ 30. ಹಾಗಂತ ಅಜ್ಜ ಸುಳ್ಳು ಹೇಳುತ್ತಿರಲಿಲ್ಲ. ನಾನು ಪ್ರಶ್ನೆ ಬದಲಿಸಿದೆ. "ಹೊಲಕ್ಕೆ ಹೋಗ್ತೀರಾ?" "ಮಗ ನೋಡ್ಕೊಳ್ತಾನೆ." "ಅಂಗಡಿಗೆ?" "ಮೊಮ್ಮಗ ತಂದುಕೊಡ್ತಾನೆ." "ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಅಜ್ಜ ಸುಮ್ಮನಾದರು. ಪಕ್ಕದಲ್ಲಿ ನಿಂತಿದ್ದ ಸೊಸೆ ಬಾಯಿಬಿಟ್ಟಳು: "ಮಲಗೋದೆಲ್ಲಿ ಸಿಸ್ಟರ್, ಒಂದು ತಿಂಗಳಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾರೆ."

ಹೃದಯದ ವಾರ್ಡಿನಲ್ಲಿ ಕೆಲಸ ಮಾಡುವ ನಮಗೆ ಇಂಥ ಉತ್ತರ ದಿನಾ ಸಿಗುತ್ತದೆ. ಹೃದಯ ದುರ್ಬಲವಾದವರು ದಮ್ಮು ಬರುವ ಕೆಲಸಗಳನ್ನೇ ಒಂದೊಂದಾಗಿ ಬಿಡುತ್ತಾ ಹೋಗುತ್ತಾರೆ. ಮೊದಲು ಹೊಲ, ಆಮೇಲೆ ಅಂಗಡಿ, ಆಮೇಲೆ ಜಗಲಿ. ಕೊನೆಗೆ ಮಂಚದ ಮೇಲೆ ಕೂತು "ದಮ್ಮಿಲ್ಲ" ಅನ್ನುತ್ತಾರೆ. ಅದಕ್ಕೇ ದಮ್ಮು ಇದೆಯಾ ಎಂದು ಕೇಳಿದರೆ ಸಾಲದು. ಹೋದ ವರ್ಷ ಏನು ಮಾಡುತ್ತಿದ್ದಿರಿ, ಈಗ ಏನು ಬಿಟ್ಟಿದ್ದೀರಿ ಅಂತ ಕೇಳಬೇಕು.

ಮೊದಲು ಹೆಸರಿನ ಭಯ ಬಿಡಿಸಬೇಕು. ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತಿದೆ ಅಂತಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಸಲೀಸಾಗಿ ತಳ್ಳಲು ಆಗುತ್ತಿಲ್ಲ ಅಂತ. ಆರೋಗ್ಯವಂತರ ಹೃದಯ ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. "ಪಂಪಿಂಗ್ 30 ಅಂದ್ರು, 70 ಭಾಗ ಹೋಗಿಬಿಡ್ತಾ ಸಿಸ್ಟರ್?" ಎಂದು ಮನೆಯವರು ಅಳುತ್ತಾರೆ. ಅದು ಹಾಗಲ್ಲ. ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಮುಟ್ಟಾದ ಹೃದಯ ಕೂಡ ಪೂರ್ತಿ ಖಾಲಿ ಮಾಡುವುದಿಲ್ಲ. 55ರಿಂದ 70ರವರೆಗೆ ಇದ್ದರೆ ಸರಿಯೇ. ಇನ್ನು ಕೆಲವರಿಗೆ ಈ ಅಂಕಿ ಸರಿಯಾಗೇ ಇರುತ್ತದೆ, ಆದರೂ ದಮ್ಮು. ಅವರ ಹೃದಯ ಬಿಗಿಯಾಗಿರುತ್ತದೆ. ತಳ್ಳಲು ತೊಂದರೆಯಿಲ್ಲ, ತುಂಬಿಕೊಳ್ಳಲು ಕಷ್ಟ.

ಈಗ ದಿಂಬಿನ ವಿಷಯ. ನಾವು ನಿಂತಾಗ ಒಂದಷ್ಟು ರಕ್ತ ಕಾಲಲ್ಲಿ, ಹೊಟ್ಟೆಯಲ್ಲಿ ಇಳಿದಿರುತ್ತದೆ. ಮಲಗಿದ ಕೂಡಲೇ ಅದು ಎದೆಯ ಕಡೆ ಬರುತ್ತದೆ. ಹೃದಯದ ಬಲಭಾಗ ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಆದರೆ ಅಲ್ಲಿಂದ ಎತ್ತಿ ಮುಂದಕ್ಕೆ ತಳ್ಳಬೇಕಾದ ಎಡಭಾಗಕ್ಕೆ ಶಕ್ತಿ ಸಾಲುವುದಿಲ್ಲ. ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ಉಸಿರು ಕಟ್ಟುತ್ತದೆ. ಎರಡು ದಿಂಬು ಇಟ್ಟರೆ ಸ್ವಲ್ಪ ಹಗುರ. ಎರಡು ಮೂರಾದರೆ ಕಾಯಿಲೆ ಮುಂದುವರಿದಿದೆ. ಕೂತೇ ಮಲಗುತ್ತಾರೆ ಅಂದರೆ ತಡ ಮಾಡುವಂತಿಲ್ಲ. ಇನ್ನೂ ಕೆಲವರು ನಿದ್ದೆ ಹತ್ತಿ ಒಂದೆರಡು ಗಂಟೆಗೆ ದಡಬಡಿಸಿ ಎದ್ದು ಕಿಟಕಿ ತೆಗೆಯುತ್ತಾರೆ, ಕೆಮ್ಮುತ್ತಾರೆ. ಹಗಲೆಲ್ಲ ಕಾಲಿನಲ್ಲಿ ಸೇರಿಕೊಂಡ ನೀರು ಮಲಗಿದ ಮೇಲೆ ನಿಧಾನವಾಗಿ ರಕ್ತಕ್ಕೆ ವಾಪಸ್ ಬರುವುದರಿಂದ ಹೀಗಾಗುತ್ತದೆ. ಮನೆಯವರು ಗೂರಲು ಅಂದುಕೊಂಡು ಕಷಾಯ ಕೊಡುತ್ತಿರುತ್ತಾರೆ.

ಈ ನೀರು ಎಲ್ಲಿಂದ ಬಂತು? ಈ ಕಾಯಿಲೆಯಲ್ಲಿ ನನಗೆ ಅತಿ ಆಶ್ಚರ್ಯ ಅನ್ನಿಸುವುದು ಇದೇ. ದುರ್ಬಲ ಹೃದಯದಿಂದ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಹೃದಯ ಸೋತಿದೆ ಅಂತ ಕಿಡ್ನಿಗೆ ಗೊತ್ತಾಗುವುದಿಲ್ಲ. ಎಲ್ಲೋ ಗಾಯವಾಗಿ ರಕ್ತ ಸೋರುತ್ತಿದೆ, ಇಲ್ಲವೇ ದೇಹಕ್ಕೆ ನೀರು ಸಾಲುತ್ತಿಲ್ಲ ಅನ್ನುವ ಹಾಗೆ ಅದು ನಡೆದುಕೊಳ್ಳುತ್ತದೆ. ರೆನಿನ್ ಅನ್ನುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರ ಹಿಂದೆಯೇ ಆಂಜಿಯೋಟೆನ್ಸಿನ್, ಆಲ್ಡೋಸ್ಟೆರೋನ್ ಅನ್ನುವ ಹಾರ್ಮೋನುಗಳು ಬರುತ್ತವೆ. ರಕ್ತನಾಳ ಬಿಗಿಯಾಗುತ್ತದೆ, ಉಪ್ಪು ಮತ್ತು ನೀರು ಮೂತ್ರಕ್ಕೆ ಹೋಗದೆ ಒಳಗೇ ಉಳಿಯುತ್ತವೆ. ಗಾಯಗೊಂಡವರ ಜೀವ ಉಳಿಸುವ ಏರ್ಪಾಡು ಇದು. ಇಲ್ಲಿ ಮಾತ್ರ ಸೋತ ಎತ್ತಿಗೆ ಇನ್ನಷ್ಟು ಮೂಟೆ ಹೇರಿದ ಹಾಗಾಗುತ್ತದೆ. ಡಾಕ್ಟರು ಕೊಡುವ ಮಾತ್ರೆಗಳಲ್ಲಿ ಹಲವು ಈ ಸರಪಳಿಯನ್ನೇ ಒಂದೊಂದು ಕಡೆ ತುಂಡರಿಸುತ್ತವೆ.

ಉಪ್ಪು ಕಡಿಮೆ ಮಾಡಿ ಅಂತ ನಾವು ಬಡಕೊಳ್ಳುವುದೂ ಇದಕ್ಕೇ. ಡ್ರಿಪ್ ಹಾಕುವ ನಾರ್ಮಲ್ ಸಲೈನ್ ನೋಡಿದ್ದೀರಲ್ಲ? ಅದರ ಒಂದು ಲೀಟರಿಗೆ 9 ಗ್ರಾಂ ಉಪ್ಪು. ದೇಹದ ನೀರಿನ ಉಪ್ಪಿಗೆ ಹತ್ತಿರ ಇರಲಿ ಅಂತಲೇ ಆ ಲೆಕ್ಕ. ಹಾಗಾದರೆ ಒಳಗೆ ಉಳಿದ ಪ್ರತಿ 9 ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. "ಸಾರಿಗೆ ಉಪ್ಪು ಕಮ್ಮಿ ಹಾಕ್ತೀವಿ ಸಿಸ್ಟರ್" ಅನ್ನುತ್ತಾರೆ. ಗಂಜಿ ಜೊತೆ ಉಪ್ಪಿನಕಾಯಿ, ಮಜ್ಜಿಗೆಗೆ ಒಂದು ಚಿಟಿಕೆ, ಬಾಳಕದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ... ಇವು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಬೆರೆತಿರುತ್ತದೆ. ಆ ಸರಪಳಿ ತುಂಡರಿಸುವ ಸ್ಪೈರೊನೊಲ್ಯಾಕ್ಟೋನ್ ತರದ ಮಾತ್ರೆ ತಗೊಳ್ಳುವವರಲ್ಲಿ ಪೊಟ್ಯಾಶಿಯಂ ಮೊದಲೇ ಏರುವ ಸಾಧ್ಯತೆ ಇರುತ್ತದೆ, ಅದು ಜಾಸ್ತಿಯಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಕೇಳದೆ ಅದನ್ನು ಬಳಸಬೇಡಿ. ಎಳನೀರಿನ ಮಾತೂ ಇದೇ.

ಅಜ್ಜನ ಪಂಚೆ ಸರಿಸಿ, ಹಿಮ್ಮಡಿಗಿಂತ ಮೇಲೆ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದೆ. ನಿಧಾನಕ್ಕೆ ಐದು ಎಣಿಸಿದೆ. ಬೆರಳು ತೆಗೆದಾಗ ಗುಳಿ ಹಾಗೇ ನಿಂತಿತ್ತು, ಚಪಾತಿ ಹಿಟ್ಟಿನ ಮೇಲೆ ಬೆರಳಿಟ್ಟ ಹಾಗೆ. ಎಲುಬಿನ ಮೇಲೇ ಏಕೆಂದರೆ ಅಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ, ನೀರು ನಿಂತಿದ್ದರೆ ತಪ್ಪದೆ ಗೊತ್ತಾಗುತ್ತದೆ. ಹಾಸಿಗೆ ಹಿಡಿದವರಿಗೆ ಕಾಲು ನೋಡಿ ಸುಮ್ಮನಾಗಬಾರದು. ನೀರು ತಗ್ಗಿಗೇ ಹೋಗುತ್ತದಲ್ವಾ, ಮಲಗಿದವರಿಗೆ ತಗ್ಗು ಅಂದರೆ ಸೊಂಟದ ಹಿಂಭಾಗ. ಮಗ್ಗುಲು ತಿರುಗಿಸಿ ಅಲ್ಲಿ ಒತ್ತಿ ನೋಡಬೇಕು. ಬಾತ ಚರ್ಮ ಬೇಗ ಒಡೆಯುತ್ತದೆ, ಬೆಡ್ ಸೋರ್ ಶುರುವಾಗುವುದೂ ಅಲ್ಲೇ. ಇನ್ನು ಒಂದೇ ಕಾಲು ಬಾತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಬೀಪಿಗೆ ಕೊಡುವ ಆಮ್ಲೊಡಿಪಿನ್ ಮಾತ್ರೆಯಿಂದಲೂ ಕಾಲು ಬಾಯುತ್ತದೆ. ಎಲ್ಲ ಬಾವೂ ಹೃದಯದ್ದಲ್ಲ.

ಆಮೇಲೆ ಕುತ್ತಿಗೆ. ಮನೆ ಕಟ್ಟುವಾಗ ಮೇಸ್ತ್ರಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಕುತ್ತಿಗೆಯ ಬಲಗಡೆಯ ಒಳ ರಕ್ತನಾಳ ನಮಗೆ ಅಂಥದ್ದೇ ಪೈಪು. ಅದು ಹೃದಯದ ಬಲಭಾಗಕ್ಕೆ ನೇರ ಸೇರುತ್ತದೆ. ರೋಗಿಯನ್ನು 45 ಡಿಗ್ರಿ ಒರಗಿಸಿ, ಆ ನಾಳದ ಮಿಡಿತ ಎಷ್ಟು ಎತ್ತರದವರೆಗೆ ಕಾಣುತ್ತದೆ ಎಂದು ನೋಡುತ್ತೇವೆ. ಎದೆಮೂಳೆಯ ಮೇಲಿನ ಉಬ್ಬಿನಿಂದ 3–4 ಸೆಂಟಿಮೀಟರಿಗಿಂತ ಮೇಲಿದ್ದರೆ ಒಳಗೆ ಒತ್ತಡ ಜಾಸ್ತಿ. ಅಜ್ಜನಿಗೆ ಅದು ಕಿವಿಯ ಹಾಲೆಯ ಹತ್ತಿರ ಮಿಡಿಯುತ್ತಿತ್ತು. ಬೆನ್ನಿನ ಕೆಳಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟರೆ ಚರಪರ ಸದ್ದು. ನಿಮ್ಮ ಕಿವಿಯ ಪಕ್ಕ ನಾಲ್ಕು ಕೂದಲು ಹಿಡಿದು ಬೆರಳಲ್ಲಿ ಉಜ್ಜಿ ನೋಡಿ, ಹಾಗೇ ಕೇಳುತ್ತದೆ.

ಮಂಚದ ತಲೆಭಾಗ ಎತ್ತಿದೆವು. ಡಾಕ್ಟರು ಬಂದು, ಸೇರಿದ ನೀರನ್ನು ಮೂತ್ರದಲ್ಲಿ ಇಳಿಸುವ ಫ್ಯೂರೋಸೆಮೈಡ್ ಇಂಜೆಕ್ಷನ್ ಬರೆದರು. ಇಲ್ಲಿಂದ ಮುಂದೆ ಕೊಟ್ಟ ನೀರು, ಬಂದ ಮೂತ್ರ ಎರಡನ್ನೂ ಅಳೆಯಬೇಕು. ಚಾರ್ಟು ತಪ್ಪುವುದು ಸಾಮಾನ್ಯವಾಗಿ ಲೋಟದಲ್ಲಿ. "ಒಂದು ಲೋಟ ಕುಡಿದರು" ಅನ್ನುತ್ತಾರೆ. ಯಾವ ಲೋಟ? ಅಜ್ಜನ ಸ್ಟೀಲ್ ಲೋಟ ತೆಗೆದುಕೊಂಡು ಅಳತೆ ಜಾರಿಗೆ ಸುರಿದೆ. 300 ಮಿಲೀ ಹಿಡಿಯಿತು. ನಾವು 150 ಅಂತ ಬರೆಯುತ್ತಿದ್ದೆವು. ಕಾಫಿ, ಗಂಜಿ, ಮಾತ್ರೆ ನುಂಗಿದ ನೀರು ಎಲ್ಲವೂ ಅರ್ಧಕ್ಕರ್ಧ ತಪ್ಪು. ಅವತ್ತಿನಿಂದ ಆ ಲೋಟಕ್ಕೆ ಒಂದು ಪ್ಲಾಸ್ಟರ್ ಅಂಟಿಸಿ 150ರ ಗುರುತು ಹಾಕಿದೆವು.

ಐದನೇ ದಿನ ಅಜ್ಜ ಚಪ್ಪಟೆ ಮಲಗಿದರು. ಆರು ಕಿಲೋ ಇಳಿದಿದ್ದರು. ಅಷ್ಟೂ ನೀರು.

ಮನೆಗೆ ಹೋದ ಮೇಲಿನ ಮೊದಲ ವಾರಗಳೇ ಅಪಾಯದವು. ಬಹಳ ಜನ ಮತ್ತೆ ಅದೇ ಮಂಚಕ್ಕೆ ವಾಪಸ್ ಬರುತ್ತಾರೆ. ಅದನ್ನು ತಡೆಯುವುದರಲ್ಲಿ ನರ್ಸಿನ ಪಾಲು ಎಷ್ಟು ಎಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಮೈಕೆಲ್ ರಿಚ್ ಮತ್ತು ಜೊತೆಗಾರರು 282 ವೃದ್ಧ ರೋಗಿಗಳಲ್ಲಿ ಅಳೆದು ನೋಡಿ, 1995ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನಕ್ಕೆ ನರ್ಸ್ ಮುಂದಾಳತ್ವದಲ್ಲಿ ಕಾಯಿಲೆಯ ಪಾಠ, ಊಟದ ಸಲಹೆ, ಮಾತ್ರೆಗಳ ಪರಿಶೀಲನೆ, ಮನೆಗೆ ಹೋದ ಮೇಲೆ ಬಿಡದ ವಿಚಾರಣೆ. ಉಳಿದವರಿಗೆ ಎಂದಿನ ಆರೈಕೆ. 90 ದಿನಗಳಲ್ಲಿ ಮೊದಲ ಗುಂಪಿನವರು ಹಾರ್ಟ್ ಫೇಲ್ಯೂರ್‌ಗಾಗಿ ಮತ್ತೆ ಆಸ್ಪತ್ರೆ ಸೇರಿದ್ದು 56 ಶೇಕಡಾ ಕಡಿಮೆ. ಯಾವ ಹೊಸ ಔಷಧವೂ ಇದರಲ್ಲಿ ಇರಲಿಲ್ಲ. ನಮ್ಮ ಕಡೆ ಇದರ ಅಗತ್ಯ ಇನ್ನೂ ಜಾಸ್ತಿ. ತಿರುವನಂತಪುರದಲ್ಲಿ 2013ರಲ್ಲಿ ಈ ಕಾಯಿಲೆಯಿಂದ ದಾಖಲಾದ 1,205 ಜನರ ಸರಾಸರಿ ವಯಸ್ಸು 61. ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು. ದುಡಿಯುವ ಕೈಗಳು ಇವು, ಅದಕ್ಕೇ ಸಂಕಟವಾಗುತ್ತದೆ.

ಮನೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ತೂಕ ನೋಡುವುದು. ಕಾಲು ಬಾತಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ದೇಹದಲ್ಲಿ ಎರಡು ಮೂರು ಲೀಟರ್ ನೀರು ಸೇರಿಬಿಟ್ಟಿರುತ್ತದೆ. ಒಂದು ಲೀಟರ್ ಅಂದರೆ ಒಂದು ಕಿಲೋ, ತಕ್ಕಡಿ ಮೊದಲೇ ಹೇಳುತ್ತದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮೊದಲು, ಅದೇ ತಕ್ಕಡಿ, ಅದೇ ಜಾಗ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಫೋನೂ ಬೇಡ, ಸೀದಾ ಆಸ್ಪತ್ರೆಗೆ.

ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಗೆ ನೀರಿನ ಮಾತ್ರೆ ಅನ್ನುತ್ತೇವೆ. ಅದನ್ನು ಜನ ಯಾಕೆ ಬಿಡುತ್ತಾರೆ ಗೊತ್ತಾ? ಬಸ್ಸಿನ ಕಾರಣಕ್ಕೆ. ಮದುವೆಗೆ ಹೊರಟ ಹೆಂಗಸರು ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ಅವತ್ತಿನ ಮಾತ್ರೆ ನುಂಗುವುದಿಲ್ಲ. ಯಾರಿಗೂ ಹೇಳುವುದೂ ಇಲ್ಲ. ನಾವು ಗದರಿದರೆ ಇನ್ನಷ್ಟು ಮುಚ್ಚಿಡುತ್ತಾರೆ. ಕೇಳಿದರೆ ಡಾಕ್ಟರು ಹೊತ್ತು ಬದಲಿಸಿ ಕೊಡಬಹುದು, ಊರು ತಲುಪಿದ ಮೇಲೆ ತಗೊಳ್ಳಿ ಅನ್ನಬಹುದು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರದ ಮಾತ್ರೆಗಳೂ ಅಷ್ಟೇ. ಅವು ಉಪ್ಪು ನೀರನ್ನು ಒಳಗೇ ಉಳಿಸುತ್ತವೆ, ನೀರಿನ ಮಾತ್ರೆಯ ಕೆಲಸ ಕೆಡಿಸುತ್ತವೆ. ಮಂಡಿ ನೋವು ಇದೆಯಾ ಅಂತ ಹೃದಯದ ವಾರ್ಡಿನಲ್ಲಿ ನಾವು ಕೇಳುವುದು ಅದಕ್ಕೇ.

ಎರಡು ತಿಂಗಳ ನಂತರ ಅಜ್ಜ ಚೆಕಪ್ಪಿಗೆ ಬಂದರು. ಸೊಸೆ ಕೈಚೀಲದಿಂದ ಗೋಡೆ ಕ್ಯಾಲೆಂಡರಿನ ಹಾಳೆ ತೆಗೆದಳು. ಪ್ರತಿ ತಾರೀಖಿನ ಕೆಳಗೂ ಪೆನ್ಸಿಲಿನಲ್ಲಿ ತೂಕ. 58, 58, 58.2. ಒಂದು ಕಡೆ ದಿಢೀರನೆ 60.5, ಅದಕ್ಕೆ ಸುತ್ತು ಹಾಕಿ "ಫೋನ್ ಮಾಡಿದೆ" ಅಂತ ಬರೆದಿದ್ದಳು. ಡಾಕ್ಟರು ಎರಡು ದಿನಕ್ಕೆ ಮಾತ್ರೆ ಹೆಚ್ಚಿಸಿದ್ದರು. ನಾಲ್ಕನೇ ಮನೆಯಲ್ಲಿ ಮತ್ತೆ 58. ಆ ಸುತ್ತಿನ ಹಿಂದಿನ ಎರಡು ತಾರೀಖಿನ ಮೇಲೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಇತ್ತು: "ಗೃಹಪ್ರವೇಶ. ಮಾವನವರು ಹಪ್ಪಳ 4."